ಬೆಳಗಾದರೆ ಮಾಯವಾಗುತ್ತಿದ್ದ ರೂಟ್

ಮಗಳಿಗೆ ಜಡೆ ಹಾಕುತ್ತಿದ್ದಾಗ ರುದ್ರಪ್ಪನವರ ಫೋನ್ ಬಂತು. ಮೇಲಿನ ಸ್ಟಾಕ್ ಇವತ್ತೂ ಕಾಣಿಸುತ್ತಿಲ್ಲವಂತೆ. ನಿನ್ನೆ ಬೆಳಗ್ಗೆಯೂ ಇದೇ ದೂರು.

ರುದ್ರಪ್ಪನವರದು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ಅಂಗಡಿ. ಕೆಳಗೆ ಬಿಲ್ಲಿಂಗ್, ಮಹಡಿಯಲ್ಲಿ ಗೋಡೌನ್. ಎರಡು ಕಡೆಗೂ ಬೇರೆ ಬೇರೆ ಇಂಟರ್ನೆಟ್, ಬೇರೆ ಬೇರೆ ರೂಟರ್.

ಮೇಲೆ ಯಾವ ಸೀರೆ ಇದೆ ಎಂದು ಕೆಳಗಿನ ಕಂಪ್ಯೂಟರಿಗೆ ಗೊತ್ತಾಗುತ್ತಿರಲಿಲ್ಲ. ಗಿರಾಕಿಯನ್ನು ಕೂರಿಸಿ ಮೆಟ್ಟಿಲು ಹತ್ತಿ ಇಳಿಯುವುದೇ ಅಲ್ಲಿನವರ ಕೆಲಸ.

ನಾನು ಎರಡು ರೂಟರ್‌ಗಳ ನಡುವೆ ಕೇಬಲ್ ಎಳೆಸಿ ಸ್ಟ್ಯಾಟಿಕ್ ರೂಟ್ ಹಾಕಿದ್ದೆ. ಅಂದರೆ, ಮೇಲಿನ ನೆಟ್‌ವರ್ಕಿಗೆ ಹೋಗಲು ಇದು ದಾರಿ ಎಂದು ಕೆಳಗಿನ ರೂಟರಿಗೆ, ಕೆಳಗೆ ಬರಲು ಇದು ದಾರಿ ಎಂದು ಮೇಲಿನದಕ್ಕೆ ಹೇಳಿಕೊಡುವುದು.

ಮಗಳು ಹುಟ್ಟಿದಾಗ ಕಂಪನಿಯ ನೆಟ್‌ವರ್ಕ್ ಕೆಲಸ ಬಿಟ್ಟವಳು ನಾನು. ಈಗ ಸ್ವಂತವಾಗಿ ಶುರು ಮಾಡಿದ ಮೇಲೆ ಸಿಕ್ಕ ಮೊದಲ ಕೆಲಸ ಇದು... ಇದೇ ಕೈಕೊಟ್ಟರೆ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯ ನನಗಿರಲಿಲ್ಲ.

ಮೆಟ್ರೋ ಹಿಡಿದು ಹೋಗಿ ನೋಡಿದರೆ ಇಂಟರ್ನೆಟ್ ಇದೆ, ಕೇಬಲ್ ಸರಿಯಾಗಿದೆ. ನಾನು ಹಾಕಿದ ರೂಟ್ ಮಾತ್ರ ನಿನ್ನೆಯಂತೆಯೇ ಎರಡರಲ್ಲೂ ಇಲ್ಲ! ಮತ್ತೆ ಹಾಕಿದೆ, ಸರಿಹೋಯಿತು.

ಯಾರೋ ಬೇಕೆಂದೇ ಅಳಿಸುತ್ತಿದ್ದಾರೆ ಎಂದು ಗೋಡೌನಿನವರ ಮೇಲೆಲ್ಲ ಅನುಮಾನಪಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ರುದ್ರಪ್ಪನವರು ಗದರಲಿಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು.

"ನೋಡಿಮ್ಮಾ, ನಾಳೆನೂ ಹಿಂಗೇ ಆದ್ರೆ ಬೇಡ ಬಿಡಿ. ನಮ್ಗೆ ಮೆಟ್ಲು ಅಭ್ಯಾಸ ಇದೆ" ಎಂದರು.

ಅವತ್ತು ಅಂಗಡಿ ಮುಚ್ಚುವವರೆಗೂ ಅಲ್ಲಿಂದ ಏಳಲಿಲ್ಲ. ಅಷ್ಟು ಹೊತ್ತೂ ಎಲ್ಲ ಸರಿಯಾಗಿಯೇ ಇತ್ತು.

ಕೊನೆಯ ಗಿರಾಕಿ ಹೋದ ಮೇಲೆ ರುದ್ರಪ್ಪನವರು ಗಲ್ಲಾದ ಮೇಲಿನ ಶಿವನ ಪಟಕ್ಕೆ ಕೈಮುಗಿದು, ಬಾಗಿಲ ಪಕ್ಕದ ಮೇನ್ ಸ್ವಿಚ್ ಎಳೆದರು. ಇಡೀ ಕಟ್ಟಡ ಕತ್ತಲಾಯಿತು. ರೇಷ್ಮೆ ಇರುವ ಜಾಗ, ಬೆಂಕಿಯ ಭಯ, ರಾತ್ರಿ ಕರೆಂಟ್ ಆನ್ ಬಿಟ್ಟು ಹೋಗಬಾರದು ಎನ್ನುವುದು ಅವರ ತಂದೆಯ ಕಾಲದಿಂದ ಬಂದ ರೂಢಿಯಂತೆ.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಈ ರೂಟರ್‌ಗಳಲ್ಲಿ ಹೊಸದಾಗಿ ಹಾಕಿದ್ದನ್ನು ಬೇರೆಯಾಗಿ ಸೇವ್ ಮಾಡಬೇಕು, ಇಲ್ಲದಿದ್ದರೆ ಕರೆಂಟ್ ಹೋದೊಡನೆ ಮರೆತುಬಿಡುತ್ತವೆ. ನನಗೆ ಗೊತ್ತಿದ್ದ ವಿಷಯವೇ. ಆದರೆ ನಾನಿದ್ದ ಕಂಪನಿಯಲ್ಲಿ ರೂಟರ್ ಹಗಲೂ ರಾತ್ರಿ ಆರುತ್ತಲೇ ಇರಲಿಲ್ಲ, ಜೊತೆಗೆ ಇಷ್ಟು ವರ್ಷ ಮುಟ್ಟದೆ ಕೈಗೂ ಅಭ್ಯಾಸ ತಪ್ಪಿತ್ತು.

ಮತ್ತೆ ಸ್ವಿಚ್ ಹಾಕಿಸಿ, ಎರಡರಲ್ಲೂ ರೂಟ್ ಬರೆದು, ಸೇವ್ ಮಾಡಿದೆ. ಈಗ ಆಫ್ ಮಾಡಿ ಆನ್ ಮಾಡಿ ಎಂದು ಕೇಳಿಕೊಂಡೆ. ಮನೆಗೆ ಹೊರಟಿದ್ದವರು ಬೇಸರಿಸದೆ ಹಾಗೇ ಮಾಡಿದರು.

ರೂಟರ್ ಪೂರ್ತಿ ಎದ್ದ ಮೇಲೆ ಬಿಲ್ಲಿಂಗ್ ಕಂಪ್ಯೂಟರಿನ ಮುಂದೆ ಕೂತೆ.

ನೋಡುತ್ತೇನೆ... ಕೆಳಗಿನ ಸ್ಕ್ರೀನಿನಲ್ಲಿ ಮಹಡಿಯ ಸೀರೆಗಳೆಲ್ಲ ಸಾಲಾಗಿ ಬರುತ್ತಿವೆ. ನನಗೆ ಅಳುವೂ ಬಂತು, ನಗುವೂ ಬಂತು.

ಮರುದಿನ ಬೆಳಗ್ಗೆ ಮತ್ತೆ ಅವರದೇ ಫೋನ್. ಮಗಳ ಜಡೆ ಅರ್ಧಕ್ಕೇ ಬಿಟ್ಟು ಎತ್ತಿದೆ.

ಎಲ್ಲ ಚೆನ್ನಾಗಿದೆಯಂತೆ. ಮಲ್ಲೇಶ್ವರದಲ್ಲಿರುವ ತಮ್ಮನ ಅಂಗಡಿಗೂ ಇದೇ ಕೆಲಸ ಆಗಬೇಕು, ನಿಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟುಹೋಗಿ ಎಂದರು. ನನ್ನ ಹತ್ತಿರ ಕಾರ್ಡ್ ಎಲ್ಲಿಂದ ಬರಬೇಕು?

ಮಧ್ಯಾಹ್ನವೇ ಪೇಟೆಯಲ್ಲಿ ಲಗ್ನಪತ್ರಿಕೆ, ಕಾರ್ಡ್ ಅಚ್ಚು ಹಾಕುವ ಅಂಗಡಿಯೊಂದಕ್ಕೆ ಹೋದೆ. ಹೆಸರು ಟೈಪ್ ಮಾಡಿಕೊಂಡವರು ತಲೆ ಎತ್ತಿ, "ಕೆಳಗಡೆ ಏನಂತ ಹಾಕ್ಲಿ ಮೇಡಂ?" ಎಂದರು.

"ನೆಟ್‌ವರ್ಕ್ ಇಂಜಿನಿಯರ್" ಎಂದೆ.

ನನ್ನನ್ನು ನಾನು ಹಾಗೆ ಕರೆದುಕೊಂಡು ವರ್ಷಗಳೇ ಆಗಿದ್ದವು.