ಎರಡರಲ್ಲಿ ಒಂದನ್ನೇ ಆರಿಸಿದಾಗ

"ಮೇಡಂ, ನಿಮ್ಮ ಫೋನ್ ನನಗ ಸುಳ್ಳು ಹೇಳ್ಯಾದ್ರಿ. ನೀರು ಬಂದು ಹೋಗ್ಯಾವ."

ಬುಧವಾರ ಬೆಳಿಗ್ಗೆ. ಸುರಪುರದ ನಮ್ಮ ಆಫೀಸಿನ ಬೀಗ ಇನ್ನೂ ಕೈಯಲ್ಲೇ ಇತ್ತು. ಫೋನಿನಲ್ಲಿ ಹುಣಸಗಿ ಕಡೆಯ ಶರಣಮ್ಮ. ಕಾಲುವೆಯ ತುದಿಯಲ್ಲಿ ಅವರದು ಎರಡೆಕರೆ ಭತ್ತ. ಈಗ ತೆನೆ ಕಟ್ಟುವ ಹೊತ್ತು. ತಪ್ಪಿದ ನೀರಿನ ಪಾಳಿ ಮತ್ತೆ ಬರುವುದು ಎಂಟು ದಿನಕ್ಕೆ. ಬೆಳೆ ಅಲ್ಲಿಯವರೆಗೆ ತಡೆಯುತ್ತದೆಯೇ?

ಸುಳ್ಳು ಹೇಳಿದ್ದು ಫೋನಲ್ಲ, ನಾನು.

ನಮ್ಮದು ಮೂರು ಜನರ ಆಫೀಸು (ಫ್ಯಾನು ಎರಡೇ). ಯಾರ ಹೊಲಕ್ಕೆ ಯಾವಾಗ ನೀರು ಅಂತ ರೈತರ ಮೊಬೈಲಿಗೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಮಾಡಿದ್ದೇವೆ. ಎಲ್ಲ ಊರಿಗೂ ನಡೆಯುವುದು ಒಂದೇ ಮುಖ್ಯ ಪ್ರತಿ. ಹೊಸದನ್ನು ಮಾಡಿ ನೋಡಲು ಪಕ್ಕದಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತೇವೆ. ಅದು ಬ್ರಾಂಚ್. ಅಲ್ಲಿ ಮಾಡಿದ್ದರಲ್ಲಿ ಬೇಕಾದ ಒಂದನ್ನಷ್ಟೇ ಎತ್ತಿ ಮುಖ್ಯ ಪ್ರತಿಗೆ ಸೇರಿಸಬಹುದು. ಇದರ ಹೆಸರು ಚೆರಿ ಪಿಕ್. (ನಮ್ಮೂರಲ್ಲಿ ಚೆರಿ ಕಾಣುವುದು ಬೇಕರಿಯ ಕೇಕಿನ ಮೇಲೆ ಮಾತ್ರ.)

ನನ್ನ ಜೊತೆ ಕೆಲಸ ಮಾಡುವ ಮಹಿಬೂಬ್ ಬ್ರಾಂಚಿನಲ್ಲಿ ಎರಡು ಬದಲಾವಣೆ ಮಾಡಿದ್ದ. ಒಂದು, ಓದಲು ಬಾರದವರಿಗೆ ಮೆಸೇಜನ್ನು ದನಿಯಲ್ಲಿ ಹೇಳುವುದು. ಇನ್ನೊಂದು, ದಿನವನ್ನು ನಡುರಾತ್ರಿಯ ಬದಲು ಹೊತ್ತು ಹುಟ್ಟಿದಾಗ ಶುರು ಮಾಡುವುದು. ನಮ್ಮ ಕಡೆ ಜನರ ಎಣಿಕೆಯೇ ಹಾಗೆ. ಸೋಮವಾರ ಮಲಗಿ ಎರಡು ಗಂಟೆಗೆ ಎದ್ದರೆ ಅದು ಇನ್ನೂ ಸೋಮವಾರ ರಾತ್ರಿಯೇ. ಕಂಪ್ಯೂಟರಿಗೆ ಮಾತ್ರ ಮಂಗಳವಾರ.

ದನಿ ಬೇಗ ಬೇಕೆಂದು ಎಲ್ಲ ಊರುಗಳಿಂದಲೂ ಒತ್ತಾಯವಿತ್ತು. ದಿನದ ಬದಲಾವಣೆ ಸೇರಿಸಿದರೆ ಹತ್ತು ಕಡೆ ತಿದ್ದಬೇಕು. ನನಗೆ ಸಾಕಾಗಿ ಹೋಗಿತ್ತು. ದನಿಯೊಂದನ್ನೇ ಆರಿಸಿ ಸೇರಿಸಿದೆ. ಒಂದು ಎರರ್ ಕೂಡ ಬರಲಿಲ್ಲ. ಮನೆಗೆ ಹೋಗಿ ನೆಮ್ಮದಿಯಾಗಿ ಚಹಾ ಕುಡಿದೆ.

ದನಿ ಶರಣಮ್ಮನಿಗೆ ಹೇಳಿದ್ದು, ಮಂಗಳವಾರ ರಾತ್ರಿ ಎರಡು ಗಂಟೆಗೆ ನಿಮ್ಮ ಪಾಳಿ ಅಂತ. ಅವರು ಮಂಗಳವಾರ ಉಂಡು, ಸಲಿಕೆ ಹಿಡಿದು ಹೊಲಕ್ಕೆ ಹೋದರು. ನೀರು ಹಿಂದಿನ ರಾತ್ರಿಯೇ ಬಂದು ನಿಂತುಹೋಗಿತ್ತು.

ಮಹಿಬೂಬನಿಗೆ ಹೇಳಿದೆ. ರೇಗಲಿಲ್ಲ. (ರೇಗಿದ್ದರೆ ಚೆನ್ನಾಗಿತ್ತು.) "ದನಿ ಬದಲಾವಣಿ ಕೆಳಗ ಬರ್ದಿದ್ನೆಲ್ರಿ ಅಕ್ಕಾ, ಎರಡೂ ಜೋಡಿ ತಗೋರಿ ಅಂತ. ಓದ್ಲಿಲ್ಲೇನ್ರಿ?"

ಓದಿರಲಿಲ್ಲ. ನಾವೆಲ್ಲ ಹೀಗೇ ಅಲ್ಲವೇ? ಡಾಕ್ಟರು ಹೇಳಿದ್ದರಲ್ಲಿ ಮಾತ್ರೆ ಹಿಡಿದುಕೊಂಡು ಪಥ್ಯ ಬಿಡುತ್ತೇವೆ. ಪಕ್ಕದ ಮನೆಯವರಿಂದ ಉಪ್ಪಿನಕಾಯಿ ಹಾಕುವುದನ್ನು ಕಲಿತು, ಬಿಸಿಲಿಗಿಡುವ ನಾಲ್ಕು ದಿನ ಬಿಡುತ್ತೇವೆ. ಬೂಸು ಬಂದಾಗ ಮಾವಿನಕಾಯಿಯನ್ನು ಬೈಯುತ್ತೇವೆ. ದಣಿದವರ ಕೈ ಹೋಗುವುದು ಯಾವಾಗಲೂ ಸಲೀಸಾದದ್ದರ ಕಡೆಗೇ.

ಬಿಟ್ಟದ್ದನ್ನು ಸೇರಿಸಲು ಇಡೀ ದಿನ ಹಿಡಿಯಿತು. ಸಂಜೆ ಶರಣಮ್ಮನಿಗೆ ಫೋನ್ ಮಾಡಿದೆ. "ತಪ್ಪು ನಂದೇ ಯವ್ವಾ. ಈಗ ಸರಿ ಮಾಡೀನ್ರಿ. ಮೊದ್ಲು ಬರೀ ಮೆಸೇಜ್ ಬರ್ತಿದ್ದಾಗ ನಿಮಗ ಹೆಂಗ ತಿಳೀತಿತ್ತು?"

"ನನಗೆಲ್ಲಿ ಓದಾಕ ಬರ್ತದ್ರಿ? ಬಾಜೂ ಹೊಲದ ಲಾಲಸಾಬಗ ತೋರಸ್ತಿದ್ದೆ. ಫೋನ್ನ್ಯಾಗ ಮಂಗಳಾರ ಅಂತ ಬರ್ದಾರಕ್ಕಾ, ಆದ್ರ ನೀ ಸೋಮಾರ ರಾತ್ರೀನೇ ಬಾ, ಅಂತ ಹೇಳ್ತಿದ್ದ."

ಅಂದರೆ ಇಷ್ಟು ದಿನ ನಮ್ಮ ತಪ್ಪನ್ನು ಲಾಲಸಾಬ ಸದ್ದಿಲ್ಲದೆ ತಿದ್ದುತ್ತಿದ್ದ. ದನಿ ಬಂದ ಮೇಲೆ ಶರಣಮ್ಮ ಅವನನ್ನು ಕೇಳುವುದು ಬಿಟ್ಟಿದ್ದರು. ಓದಲು ಬಾರದವರು ಇನ್ನು ಯಾರ ಹಂಗಿನಲ್ಲೂ ಇಲ್ಲ ಅಂತ ನಾವು ಬೀಗಿದ್ದು ಇದಕ್ಕೇ. ನಾಚಿಕೆಯಾಯಿತು.

ಶರಣಮ್ಮ ಕೇಳಿದರು: "ಇನ್ನ ಮ್ಯಾಲ ಯಾರ ಮಾತು ಕೇಳ್ಲಿರಿ ಮೇಡಂ, ನಿಮ್ಮ ಫೋನಿಂದೋ, ಲಾಲಸಾಬಂದೋ?"