ಸೀಟು ಸಿಗೋದು ಕಷ್ಟ ಅಂದದ್ದೇ ತಡ

ಗೆಳೆಯರೇ, ಇವತ್ತು ನಿಜ ಹೇಳಿ ಕೆಟ್ಟೆ.

ಮುಧೋಳದ ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಸುಜಾತಾ ನನ್ನ ಇತಿಹಾಸದ ವಿದ್ಯಾರ್ಥಿನಿ. ದಿಲ್ಲಿ ಹತ್ತಿರದ ಒಂದು ಕಾಲೇಜಿನಲ್ಲಿ ಇತಿಹಾಸ, ಗಣಿತ ಎರಡನ್ನೂ ಒಟ್ಟಿಗೇ ಕಲಿಯಬಹುದೆಂದು ತಿಳಿದಾಗಿನಿಂದ ಅವಳಿಗೆ ಅದೇ ಗುಂಗು. ಅಲ್ಲಿಗೆ ದೇಶದ ತುಂಬ ಅರ್ಜಿ ಹಾಕುತ್ತಾರೆ. ಪ್ರಬಂಧ, ಸಂದರ್ಶನ ಎಲ್ಲ ದಾಟಿ ಒಳಗೆ ಹೋಗುವವರು ಕೆಲವೇ ಮಂದಿ. ಇವತ್ತು ಅವರ ಊರು ರನ್ನ ಬೆಳಗಲಿಯಿಂದ ಅವಳ ಅಪ್ಪನೂ ಜೊತೆಗೆ ಬಂದಿದ್ದರು.

"ಸರ್, ಖರೆ ಹೇಳ್ರಿ. ಈಕಿಗಿ ಅಲ್ಲಿ ಸೀಟು ಸಿಗತೈತೇನ್ರಿ?"

"ಹುಡಗಿ ಭಾಳ ಶ್ಯಾಣ್ಯಾಕಿ ಅದಾಳ್ರಿ. ಆದ್ರ ಅಲ್ಲಿ ಸಿಗೂದು ಕಷ್ಟ ಐತ್ರಿ," ಎಂದೆ.

ಅವರ ಮುಖ ಅರಳಿತು. "ಛಲೋ ಆತು ಬಿಡ್ರಿ! ಬನಹಟ್ಟಿ ಗಂಡಿನ ಮನಿಯವರು ಕಾಯಾಕತ್ತಾರ. ಸರ್ ಆಗೂದಿಲ್ಲ ಅಂದ್ರ ಮದುವಿಗಿ ಒಪ್ಪತೇನಿ ಅಂತ ಈಕಿನ ಹೇಳಿದ್ಲು."

"ಕಷ್ಟ ಐತಿ ಅಂದೀನ್ರಿ, ಆಗೂದಿಲ್ಲ ಅಂದಿಲ್ಲ. ಅರ್ಜಿ ಹಾಕಲಿ ತಡೀರಿ," ಎಂದು ಬಡಬಡಿಸಿದೆ.

"ಆಕಿ ಮನಸ್ಸು ನೋಯಬಾರದಂತ ಹಂಗ ಅಂತೀರಿ, ನನಗ ಗೊತ್ತಾಗತೈತ್ರಿ," ಎಂದು ನಕ್ಕು, ಬನಹಟ್ಟಿಗೆ ಫೋನ್ ಹಚ್ಚುತ್ತ ಹೊರಗೆ ಹೋದರು.

ಸುಜಾತಾ ನನ್ನ ಮೇಜಿನ ಹತ್ತಿರ ಬಂದಳು. ಅಳಲಿಲ್ಲ. "ಒಂದು ಸುಳ್ಳರೆ ಹೇಳಬೇಕಿತ್ತಲ್ರಿ ಸರ್," ಎಂದಳು. ಆಮೇಲೆ ಅಪ್ಪನ ಹಿಂದೆ ನಡೆದಳು.

ಇಷ್ಟು ವರ್ಷ ಪಾಠ ಮಾಡಿದ್ದೇನೆ. ನನ್ನ ಮಾತನ್ನು ಒಬ್ಬರಾದರೂ ಇಷ್ಟು ಬೇಗ, ಇಷ್ಟು ಸಂತೋಷದಿಂದ ನಂಬಿದ್ದು ಇವತ್ತೇ.