ನಿಂಬೆರಸ ಮುಟ್ಟದ ಮೂಟೆಗಳು

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಅವಳು "ಸುಡೋದು" ಎನ್ನುತ್ತಿದ್ದಳು. ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿದರೆ ಅವತ್ತು ಉಂಡದ್ದು ಅವಳ ಮೈಗೆ ಹತ್ತುತ್ತಿತ್ತು. ಹಾಗೆಂದು ಸುಳ್ಳೇನೂ ಅಲ್ಲ. ಪ್ಲಾಸ್ಟಿಕ್ ಹರಳು ಮಾಡುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಅವಳು ಮಾಡುತ್ತಿದ್ದದ್ದು ಅದನ್ನೇ. ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿಗೆ ನೇತುಹಾಕಿ, ಕೆಳಗೊಂದು ಹಿಡಿ ಹತ್ತಿ ಇಟ್ಟು, ಬರ್ನರ್ ಹಿಡಿದು ಹತ್ತು ಸೆಕೆಂಡು ಎಣಿಸಬೇಕು. ಆರಿದ ಮೇಲೆ ಇನ್ನೊಮ್ಮೆ ಹತ್ತು. ಬೆಂಕಿ ತಾನಾಗಿ ಆರಬೇಕು, ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಳ್ಳಬಾರದು. ಹೊತ್ತಿಕೊಂಡರೆ ಆ ಮಾಲು ಗೇಟು ದಾಟುವಂತಿಲ್ಲ. ಎಲ್ಲರಿಗೂ ಅವಳು ಬೆಂಕಿಯಕ್ಕ. ಮನೆಯಲ್ಲಿ ಮಾತ್ರ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. "ದಿನಾ ನೂರು ಸಲ ಹಚ್ಚಿ ಬರ್ತೀನಿ, ಇಲ್ಲೂ ನಾನೇ ಹಚ್ಚಬೇಕಾ?" ಎಂದು ಮದುವೆಯಾದ ಹೊಸದರಲ್ಲೇ ಕೇಳಿದ್ದಳು. ಗಂಡ ತೆಪ್ಪಗೆ ಅಡುಗೆ ಕಲಿತಿದ್ದ.

ಪ್ಲಾಸ್ಟಿಕ್ಕಿಗೆ ಬೆರೆಸುವ ಬೆಂಕಿನಿರೋಧಕ ಪುಡಿಗಳಲ್ಲಿ ಹಲವು ಜಾತಿ. ಅವುಗಳ ಗುಣ ತಿಳಿಸಲು ಕಂಪನಿ ಒಮ್ಮೆ ಕೋಟು ಹಾಕಿದ ಒಬ್ಬರನ್ನು ಕರೆಸಿ ಮೂರು ದಿನ ಪಾಠ ಮಾಡಿಸಿತ್ತು. ಬೆಂಕಿಯಕ್ಕ ಅದನ್ನೇ ಮೂರು ನಿಮಿಷದಲ್ಲಿ, ತನ್ನ ಮನೆಯವರ ಮರ್ಯಾದೆ ಹರಾಜು ಹಾಕಿ, ಹೇಳಿ ಮುಗಿಸುತ್ತಿದ್ದಳು.

"ಬ್ರೋಮಿನ್ ಅಂದ್ರೆ ನಮ್ಮತ್ತೆ. ಸ್ವಲ್ಪ ಇದ್ರೂ ಸಾಕು, ಬೆಂಕಿ ಅಲ್ಲೇ ಗಪ್‌ಚುಪ್. ಆದ್ರೆ ಆಮೇಲೆ ಹೊಗೆಗೆ ಯಾರೂ ಉಸಿರಾಡೋ ಹಾಗಿಲ್ಲ. ಜೊತೆಗೆ ಆಂಟಿಮನಿ ಸೇರಿಸಿದ್ರೆ ಜೋರು ಎರಡರಷ್ಟು. ಆಂಟಿಮನಿ ನಮ್ಮ ನಾದಿನಿ, ರಜಕ್ಕೆ ಬರ್ತಾಳೆ. ಫಾಸ್ಫರಸ್ ನಮ್ಮನೆಯವರು. ಬಿಸಿ ತಾಗಿದ್ರೆ ಮೇಲೊಂದು ಕರೀ ಪೊರೆ ಕಟ್ಟಿಕೊಂಡು ಕೂತುಬಿಡ್ತಾರೆ, ಏನು ಬೈದ್ರೂ ಒಳಗೆ ಇಳಿಯಲ್ಲ. ಇನ್ನೊಂದು ಜಾತಿ ಇದೆ, ಶಾಖ ಸೋಕಿದ್ರೆ ಸಾಕು, ಉಬ್ಬಿ ಇಷ್ಟು ದಪ್ಪ ಆಗುತ್ತೆ." ಇಲ್ಲಿಗೆ ಬಂದಾಗ ಅವಳು ಯಜಮಾನನ ಕೋಣೆಯ ಕಡೆ ನೋಡುತ್ತಿದ್ದಳೇ ಹೊರತು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ವೈರಿನ ಹೊದಿಕೆಗೆ ಹೋಗುವ ಮಾಲಿಗೆ ಹಾಕುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅಷ್ಟುದ್ದ ಹೆಸರು ಯಾರಿಗೆ ಬೇಕು, ಕಾರ್ಖಾನೆಯಲ್ಲಿ ಅದು ಬಿಳಿಪುಡಿ. ಕಾದಾಗ ತನ್ನೊಳಗಿನ ನೀರು ಬಿಟ್ಟು ಬೆಂಕಿಯನ್ನು ತಣಿಸುತ್ತದೆ. ಆದರೆ ನೂರು ಕಿಲೋ ಮಾಲಿನಲ್ಲಿ ಅರವತ್ತು ಕಿಲೋ ಅದೇ ಇರಬೇಕು. ನೋಡಲು ಅದರ ತದ್ರೂಪು ಸೀಮೆಸುಣ್ಣದ ಪುಡಿ. ಅಗ್ಗದ ಕುರ್ಚಿ ಮಾಡುವವರು ಗಾತ್ರ ಹೆಚ್ಚಿಸಲು ಅದನ್ನು ಹಾಕಿಸುತ್ತಾರೆ. ಬೆಂಕಿ ಬಂದರೆ ಅದು ಕೈಕಟ್ಟಿ ನಿಂತು ನೋಡುತ್ತದೆ, ಅಷ್ಟೆ.

"ಇದು ನಮ್ಮ ಮೈದುನ" ಎಂದು ಬೆಂಕಿಯಕ್ಕ ಪಾಠ ಮುಗಿಸಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಯಾಕೆಂದರೆ ಆ ಮೈದುನ ಅಲ್ಲೇ ಮಿಕ್ಸರ್ ನಡೆಸುತ್ತಿದ್ದ. ಕೆಲಸ ಕೊಡಿಸಿದವಳೂ ಅವಳೇ, ಮೊದಲ ವಾರದಲ್ಲಿ ಅವನು ಒಂದು ಮೂಟೆ ಕಾಲಮೇಲೆ ಬೀಳಿಸಿಕೊಂಡಾಗ ಸೀಮೆಸುಣ್ಣ ಎಂದು ಹೆಸರಿಟ್ಟವಳೂ ಅವಳೇ. ಹನ್ನೆರಡು ವರ್ಷದಿಂದ ಅದೇ ಹೆಸರು. ಅವನೂ ನಗುತ್ತಿದ್ದ.

ಪುಡಿಯ ಲೋಡು ಬಂದಾಗ ಪರೀಕ್ಷೆ ಬೆಂಕಿಯಕ್ಕನದೇ. ಮೂಟೆಯಿಂದ ಚಿಟಿಕೆ ತೆಗೆದು ನಿಂಬೆರಸ ಹಿಂಡಿದರೆ ಸೀಮೆಸುಣ್ಣ ಬುಸುಬುಸು ನೊರೆ ಕಾರುತ್ತದೆ, ಬಿಳಿಪುಡಿ ಸುಮ್ಮನಿರುತ್ತದೆ. ಸುಮ್ಮನಿದ್ದರೆ ಮೂಟೆಗಳ ಮೇಲೆ ಸಹಿ. ಒಂದು ಮಧ್ಯಾಹ್ನ ಲಾರಿ ಬಂದಾಗ ಅವಳು ಪ್ಯಾಕಿಂಗ್ ಹೆಂಗಸರ ನಡುವೆ ನಿಂತು, ಮೈದುನ ಹೊಸ ಬೂಟು ಕೊಳ್ಳಲು ಹೋಗಿ ಎರಡೂ ಎಡಗಾಲಿನದೇ ತಂದ ಕತೆಯನ್ನು ನಡೆದು ತೋರಿಸುತ್ತಿದ್ದಳು. ಡ್ರೈವರ್ ಅವಸರ ಮಾಡಿದ. ಕತೆ ಅರ್ಧಕ್ಕೆ ನಿಲ್ಲಿಸುವ ಮನಸ್ಸಾಗಲಿಲ್ಲ. ನಿಂಬೆಹಣ್ಣು ಮೇಜಿನ ಮೇಲೆಯೇ ಉಳಿಯಿತು, ಸಹಿ ಮೂಟೆಗಳ ಮೇಲೆ ಬಿತ್ತು.

ಮುಂದಿನ ವಾರ ವೈರಿನ ಕಂಪನಿಯವರು ಖುದ್ದಾಗಿ ಪರೀಕ್ಷೆ ನೋಡಲು ಬಂದರು. ಎರಡನೇ ಹತ್ತು ಮುಗಿಯುವಷ್ಟರಲ್ಲಿ ಪಟ್ಟಿ ಉರಿಯುತ್ತಾ ತೊಟ್ಟಿಕ್ಕಿತು, ಹತ್ತಿ ಭಗ್ಗೆಂದಿತು. ಬಂದವರು ಮಾಲು ಬೇಡವೆಂದು ಎದ್ದುಹೋದರು. ತಪ್ಪು ಯಾರದೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕುರ್ಚಿಯ ಮೂಟೆಯನ್ನು ವೈರಿನ ಮಿಕ್ಸರಿಗೆ ಸುರಿಯುವಂಥವನು ಅಲ್ಲಿ ಇನ್ಯಾರಿದ್ದ? ಶನಿವಾರಕ್ಕೆ ಕೆಲಸ ಮುಗಿಯಿತೆಂದು ಯಜಮಾನ ಮೈದುನನಿಗೆ ಹೇಳಿಬಿಟ್ಟ.

ಬೆಂಕಿಯಕ್ಕನಿಗೆ ಮಾತ್ರ ಮೇಜಿನ ಮೇಲೆ ಉಳಿದಿದ್ದ ನಿಂಬೆಹಣ್ಣು ನೆನಪಾಯಿತು. ಉಗ್ರಾಣಕ್ಕೆ ಹೋಗಿ, ಆ ಲೋಡಿನಲ್ಲಿ ಉಳಿದಿದ್ದ ಒಂದು ಮೂಟೆ ಬಿಚ್ಚಿ ನಿಂಬೆರಸ ಹಿಂಡಿದಳು. ನೊರೆ ಉಕ್ಕಿತು. ಪುಡಿ ಕಳಿಸಿದವರೇ ಸೀಮೆಸುಣ್ಣ ಕಳಿಸಿದ್ದರು, ಅದನ್ನು ಹಿಡಿಯಬೇಕಾಗಿದ್ದವಳು ಅವಳು. ಮೂಟೆಯ ಹೊಲಿಗೆಯ ಪಕ್ಕ ಅವಳ ಸಹಿ ದುಂಡಗೆ ಕೂತಿತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಬರ್ನರ್ ಅವಳದೇ.

ಹೊರಗೆ ಬಂದರೆ ಮೈದುನ ಕೈಗವಸು ಮಡಚಿಡುತ್ತಿದ್ದ. "ನಾನೇ ಮಾಡಿರ್ತೀನಿ ಬಿಡಿ ಅತ್ತಿಗೆ," ಎಂದ. "ನಂಗೆ ಯಾವಾಗ ಯಾವುದು ಸರಿಯಾಗಿ ಬಂದಿದೆ?"

ಅವಳು ನೆಟ್ಟಗೆ ಯಜಮಾನನ ಕೋಣೆಗೆ ನುಗ್ಗಿದಳು.

"ತಪ್ಪು ಅವನದಲ್ಲ ಸಾರ್, ನನ್ನದು."

ಯಜಮಾನ ನಕ್ಕ. "ಮೈದುನನ್ನ ಉಳಿಸ್ಕೊಳ್ಳೋಕೆ ಬಂದಿದೀಯಮ್ಮ. ಅವನೆಂಥೋನು ಅಂತ ಹನ್ನೆರಡು ವರ್ಷದಿಂದ ಹೇಳ್ತಾ ಬಂದಿರೋಳು ನೀನೇ ಅಲ್ವಾ?"

ಅವಳು ಉಗ್ರಾಣಕ್ಕೆ ಹೋಗಿ, ಮೂಟೆಯನ್ನು ದರದರ ಎಳೆದು ತಂದು, ಎರಡು ಹಿಡಿ ಪುಡಿಯನ್ನು ಅವನ ಕಾಗದಗಳ ಮೇಲೆಯೇ ಸುರಿದು ನಿಂಬೆಹಣ್ಣು ಹಿಂಡಿದಳು. ಮೇಜಿನ ತುಂಬ ನೊರೆ. "ಈ ಮೂಟೆ ಮೇಲಿರೋ ಸಹಿ ಯಾರದು, ಓದಿ," ಎಂದಳು.

ಯಜಮಾನ ಉಬ್ಬಬೇಕಾದಷ್ಟು ಉಬ್ಬಿದ. ಮೈದುನನ ಕೆಲಸ ಉಳಿಯಿತು. ಬೆಂಕಿಯಕ್ಕನನ್ನು ಪ್ಯಾಕಿಂಗಿಗೆ ಹಾಕಿದರು, ಬರ್ನರ್ ಇನ್ನೊಬ್ಬರ ಕೈಗೆ ಹೋಯಿತು. ಮೈದುನ ಬಂದು ಉಪಕಾರ ನೆನೆಯುತ್ತಾನೆಂದು ಅವಳು ಒಳಗೊಳಗೇ ಕಾದಿದ್ದಳು. ಬಂದವನ ಮುಖ ಕೆಂಪಗಿತ್ತು.

"ಮೂಟೆ ಮೇಲೆ ಬಿಳಿಪುಡಿ ಅಂತ ಬರೆದಿದ್ದನ್ನ ಕಣ್ಣಾರೆ ನೋಡಿ ಸುರಿದಿದ್ದೆ ಅತ್ತಿಗೆ. ಆದ್ರೂ ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಹೆಂಡತಿ ಹತ್ರಾನೂ ನಾನೇ ಮಾಡಿದ್ದು ಅಂತ ಒಪ್ಪಿಕೊಂಡೆ."

ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದವಳು "ತಪ್ಪಾಯ್ತು ಕಣೋ," ಎಂದು ಗೊಣಗಿದಳು.

"ನನ್ನ ಆಡಿಕೊಳ್ಳೋವಾಗ ಎಲ್ಲರಿಗೂ ಕೇಳೋ ಹಾಗೆ ಹೇಳ್ತಿದ್ರಿ," ಎಂದು ಅವನು ಅಲ್ಲೇ ನಿಂತ.

ಬೆಂಕಿಯಕ್ಕ ಎದ್ದು ನಿಂತಳು. ಇಡೀ ಶೆಡ್ಡಿಗೆ ಕೇಳುವಂತೆ, ಅವನ ಹುಟ್ಟುಹೆಸರು ಹಿಡಿದು ಕರೆದು, ತಪ್ಪಾಯಿತು ಎಂದಳು. ಹೆಂಗಸರ ಕೈ ನಿಂತವು. ಯಾರನ್ನು ಕರೆದಳೆಂದು ಅವರಲ್ಲಿ ಅರ್ಧ ಜನರಿಗೆ ತಿಳಿಯಲಿಲ್ಲ.